ಊರಿನ ಗಾಳಿ ಬೇರೆ, ನಿಮ್ಮ ಪಾಲಿನ ಗಾಳಿ ಬೇರೆ

ಬೆಂಗಳೂರಿನ ಗಾಳಿ ಈ ಹೊತ್ತು ಹೇಗಿದೆ ಎಂದು ಮೊಬೈಲ್ ತೆರೆದರೆ ಒಂದು ಅಂಕಿ ಸಿಗುತ್ತದೆ. ಅದು ಹೆಬ್ಬಾಳದ್ದೋ, ಪೀಣ್ಯದ್ದೋ, ಜಯನಗರ 5ನೇ ಬ್ಲಾಕಿನದ್ದೋ, ಸಿಲ್ಕ್ ಬೋರ್ಡಿನದ್ದೋ ಮಾಪನ ಕೇಂದ್ರದ ಅಂಕಿ. ಕೇಂದ್ರದಲ್ಲಿ ಗಾಳಿ ಎಳೆದುಕೊಳ್ಳುವ ಕೊಳವೆಯ ಬಾಯಿ ನೆಲದಿಂದ 3ರಿಂದ 10 ಮೀಟರ್ ಎತ್ತರದಲ್ಲಿರಬೇಕು, ಯಾವುದೇ ಒಂದು ಹೊಗೆಯ ಮೂಲಕ್ಕೆ ತೀರ ಅಂಟಿಕೊಂಡಿರಬಾರದು ಎಂಬುದು ನಿಯಮ. ಇಡೀ ಬಡಾವಣೆಯ ಗಾಳಿಯ ಗುಣ ತಿಳಿಯಬೇಕಾದರೆ ಹಾಗೆಯೇ ಇಡಬೇಕು, ತಪ್ಪಿಲ್ಲ. ಆದರೆ ಆ ಎತ್ತರದಲ್ಲಿ ಯಾರೂ ಉಸಿರಾಡುವುದಿಲ್ಲ. ಸಿಗ್ನಲ್ಲಿನಲ್ಲಿ ಸ್ಕೂಟರ್ ನಿಲ್ಲಿಸಿಕೊಂಡವರ ಮೂಗು ಮುಂದಿನ ಟೆಂಪೊದ ಸೈಲೆನ್ಸರಿಗಿಂತ ಒಂದು ಮೀಟರ್ ಮೇಲಿದ್ದರೆ ಹೆಚ್ಚು. ಅದೇ ಸ್ಕೂಟರಿನಲ್ಲಿ ಮುಂದೆ ನಿಂತ ಮಗುವಿನದು ಇನ್ನೂ ಕೆಳಗೆ.

ದಿನವಿಡೀ ನಾವು ಒಂದೇ ಗಾಳಿಯಲ್ಲೂ ಇರುವುದಿಲ್ಲ. ಬೆಳಿಗ್ಗೆ ಒಗ್ಗರಣೆಯ ಘಾಟು, ಆಮೇಲೆ ಹೊಸೂರು ರಸ್ತೆಯ ಡೀಸೆಲ್ ಹೊಗೆ, ಮಧ್ಯಾಹ್ನ ಕಚೇರಿಯ ಎ.ಸಿ., ಸಂಜೆ ಖಾಲಿ ಸೈಟಿನಲ್ಲಿ ಸುಡುವ ಕಸ, ರಾತ್ರಿ ಮಂಚದ ಪಕ್ಕದ ಸೊಳ್ಳೆಬತ್ತಿ. ಇಷ್ಟರಲ್ಲಿ ನಮ್ಮ ಪಾಲಿಗೆ ಬಂದದ್ದೆಷ್ಟು ಎಂಬುದನ್ನು ಹೆಬ್ಬಾಳದ ಕೇಂದ್ರ ಹೇಳಲಾರದು. ಅದನ್ನು ತಿಳಿಯಲೆಂದು ಅಂಗೈಯಗಲದ ಸೆನ್ಸರ್ ಮೀಟರುಗಳು ಈಗ ಮೂರ್ನಾಲ್ಕು ಸಾವಿರ ರೂಪಾಯಿಯಿಂದ ಇಪ್ಪತ್ತು ಸಾವಿರ ದಾಟಿದ ಬೆಲೆಯವರೆಗೆ ಸಿಗುತ್ತವೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಇವು ತೋರಿಸುವ ಅಂಕಿ ತಪ್ಪಿರುವ ಸಂಭವ ಸಾಕಷ್ಟಿದೆ. ಒಂದೇ ಮೀಟರು ಎರಡು ಜಾಗದಲ್ಲಿ ತೋರಿಸುವ ಅಂಕಿಗಳ ನಡುವಿನ ಅಂತರ ಮಾತ್ರ ಬಹುಮಟ್ಟಿಗೆ ನಿಜ. ಇಷ್ಟು ಗೊತ್ತಿದ್ದು ಬಳಸಿದರೆ ಕೊಟ್ಟ ದುಡ್ಡು ಹುಟ್ಟುತ್ತದೆ. ಗೊತ್ತಿಲ್ಲದೆ ಬಳಸಿದರೆ ಮನೆಯವರನ್ನೆಲ್ಲ ಹೆದರಿಸುವುದಕ್ಕೆ ಒಂದು ಸಾಮಾನು ತಂದಂತೆ.

ಅಳೆಯುವ ಯಂತ್ರವನ್ನು ಮನುಷ್ಯರ ಮೈಗೇ ಕಟ್ಟುವ ವಿಚಾರ ಹೊಸದಲ್ಲ. 1980ರ ದಶಕದ ಆರಂಭದಲ್ಲಿ ಕರ್ಕ್ ಸ್ಮಿತ್ ಎಂಬ ಅಮೆರಿಕದ ವಿಜ್ಞಾನಿ ಗುಜರಾತಿನ ಹಳ್ಳಿಗಳಲ್ಲಿ ಅಡುಗೆ ಮಾಡುವ ಹೆಂಗಸರಿಗೆ ಪುಟ್ಟ ಪಂಪು, ಫಿಲ್ಟರ್ ತೊಡಿಸಿ ಒಲೆಯ ಹೊಗೆಯ ಪಾಲನ್ನು ಅಳೆದರು. ಕಾರ್ಖಾನೆ, ವಾಹನಗಳಿರುವ ಊರಿನಲ್ಲಷ್ಟೇ ವಾಯುಮಾಲಿನ್ಯ ಎಂದು ಜಗತ್ತು ತಿಳಿದಿದ್ದ ಕಾಲ ಅದು. ಬಯಲಿನ ಗಾಳಿ ಎಷ್ಟೇ ಶುದ್ಧವಿರಲಿ, ಸೌದೆ ಒಲೆಯ ಮುಂದೆ ಕೂತವರ ಕಥೆಯೇ ಬೇರೆ ಎಂಬುದು ಆ ಅಳತೆಯಿಂದ ಗೊತ್ತಾಯಿತು. ಲಂಡನ್ನಿನಲ್ಲಿ 2019ರಲ್ಲಿ ಐದು ಪ್ರಾಥಮಿಕ ಶಾಲೆಗಳ ಸುಮಾರು 250 ಮಕ್ಕಳ ಬೆನ್ನುಚೀಲಕ್ಕೆ ಸೆನ್ಸರ್ ಸೇರಿಸಿ ಕಳಿಸಿದಾಗಲೂ ಹಾಗೆಯೇ: ಮುಖ್ಯರಸ್ತೆ ಬಿಟ್ಟು ಒಳಬೀದಿ ಹಿಡಿದ ಮಕ್ಕಳ ಪಾಲಿನ ಮಾಲಿನ್ಯ ಕಡಿಮೆಯಿತ್ತು. ಕರ್ಕ್ ಸ್ಮಿತ್ ಕಾಲದಲ್ಲಿ ಫಿಲ್ಟರನ್ನು ಪ್ರಯೋಗಾಲಯಕ್ಕೆ ಒಯ್ದು ತೂಗಬೇಕಿತ್ತು. ಈಗ ನಿಮಿಷ ನಿಮಿಷದ ಅಂಕಿ ಮೊಬೈಲಿಗೇ ಬರುತ್ತದೆ. ಕಷ್ಟ ಶುರುವಾಗುವುದೂ ಅಲ್ಲಿಂದಲೇ.

ಡಬ್ಬಿಯೊಳಗೆ ನಡೆಯುವುದೇನು

ಹಂಚಿನ ಮನೆಯ ಬೆಳಕಿಂಡಿಯಿಂದ ಇಳಿಯುವ ಬಿಸಿಲುಕೋಲಿನಲ್ಲಿ ಧೂಳಿನ ಕಣಗಳು ಮಿನುಗುವುದನ್ನು ನೋಡಿರುತ್ತೀರಿ. ಮೀಟರಿನೊಳಗೆ ನಡೆಯುವುದೂ ಅದೇ. ಪುಟ್ಟ ಫ್ಯಾನು ಗಾಳಿಯನ್ನು ಎಳೆಯುತ್ತದೆ, ಲೇಸರ್ ಬೆಳಕು ಅದರ ಮೇಲೆ ಬೀಳುತ್ತದೆ, ಕಣಗಳಿಂದ ಚದುರಿದ ಬೆಳಕನ್ನು ಒಂದು ಬೆಳಕುಗ್ರಾಹಕ ಹಿಡಿಯುತ್ತದೆ. ಎಷ್ಟು ಬೆಳಕು ಚದುರಿತು ಎಂಬುದರಿಂದ ಕಣಗಳೆಷ್ಟು, ಅವುಗಳ ಗಾತ್ರವೆಷ್ಟು ಎಂದು ಊಹಿಸಿ, ಕಣಗಳ ಸಾಂದ್ರತೆ ಇಷ್ಟಿರಬಹುದು ಎಂದು ಹಿಡಿದುಕೊಂಡು, ಘನ ಮೀಟರ್ ಗಾಳಿಗೆ ಇಷ್ಟು ಮೈಕ್ರೊಗ್ರಾಂ ಪಿಎಂ 2.5 ಎಂದು ಲೆಕ್ಕ ಹೇಳುತ್ತದೆ. ಪಿಎಂ 2.5 ಎಂದರೆ 2.5 ಮೈಕ್ರೊಮೀಟರ್ ಅಥವಾ ಅದಕ್ಕಿಂತ ಕಿರಿದಾದ ಕಣ. ತಲೆಗೂದಲಿನ ದಪ್ಪದ ಇಪ್ಪತ್ತರಲ್ಲಿ ಒಂದು ಪಾಲಿನಷ್ಟು.

ಹಾಗಾಗಿ ಈ ಡಬ್ಬಿ ಏನನ್ನೂ ತೂಗುತ್ತಿಲ್ಲ, ಬೆಳಕು ನೋಡಿ ತೂಕ ಊಹಿಸುತ್ತಿದೆ. ಮಸಿಯ ಕಣ, ಎಣ್ಣೆಯ ಹನಿ, ಮಣ್ಣಿನ ಪುಡಿ ಇವೆಲ್ಲ ಬೆಳಕನ್ನು ಚದುರಿಸುವ ರೀತಿ ಬೇರೆ, ತೂಕ ಬೇರೆ. ಸರ್ಕಾರಿ ಕೇಂದ್ರಗಳಲ್ಲಿರುವ ಯಂತ್ರವಾದರೋ ಟೇಪಿನ ಮೇಲೆ ಧೂಳು ಕೂರಿಸಿ, ಬೀಟಾ ಕಿರಣ ಹಾಯಿಸಿ, ಕಿರಣ ಎಷ್ಟು ಕುಗ್ಗಿತು ಎಂಬುದರಿಂದ ತೂಕ ಕಂಡುಹಿಡಿಯುತ್ತದೆ. ಅದಕ್ಕೆ ಲಕ್ಷಗಟ್ಟಲೆ ಖರ್ಚು.

ಹೊರಗಿನ ಕವಚದ ಮೇಲೆ ಯಾವ ಕಂಪನಿಯ ಹೆಸರೇ ಇರಲಿ, ಒಳಗಿನ ಸೆನ್ಸರ್ ಬರುವುದು ಹೆಚ್ಚಾಗಿ ಬೆರಳೆಣಿಕೆಯ ತಯಾರಕರಿಂದ: ಚೀನಾದ ಪ್ಲಾಂಟವರ್, ಸ್ವಿಟ್ಜರ್ಲೆಂಡಿನ ಸೆನ್ಸಿರಿಯನ್ ಇತ್ಯಾದಿ. ಕೊಳ್ಳುವ ಮೊದಲು ಒಳಗಿರುವುದು ಯಾವುದು ಎಂದು ಕೇಳಿ. ಹೇಳಲು ತಡವರಿಸುವ ಮಾರಾಟಗಾರರಿಂದ ಕೊಳ್ಳದಿರುವುದೇ ಮೇಲು.

ಇದಕ್ಕೆ ಕಾಣದ್ದು

ಮೀಟರಿನ ಕುರುಡುತನ ಎಲ್ಲಿದೆ ಎಂದು ತಿಳಿಯದಿದ್ದರೆ ಅದು ತೋರಿಸುವುದರ ಅರ್ಥವೂ ಆಗುವುದಿಲ್ಲ. ಈ ಭಾಗಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡೋಣ.

ಮೊದಲನೆಯದು ತೇವ. ಗಾಳಿಯ ಆರ್ದ್ರತೆ ಶೇಕಡ 75–80 ದಾಟಿತೆಂದರೆ ಕಣಗಳು ನೀರು ಹೀರಿ ಊದಿಕೊಳ್ಳುತ್ತವೆ. ಊದಿದ ಕಣ ಹೆಚ್ಚು ಬೆಳಕು ಚದುರಿಸುತ್ತದೆ, ಮೀಟರು ಹೆಚ್ಚು ಮಾಲಿನ್ಯ ಎಂದು ಓದುತ್ತದೆ. ಕೇಂದ್ರದ ಯಂತ್ರಗಳು ಗಾಳಿಯನ್ನು ಬೆಚ್ಚಗೆ ಮಾಡಿ ಒಣಗಿಸಿಕೊಂಡೇ ಅಳೆಯುತ್ತವೆ. ಅಂಗೈಯ ಡಬ್ಬಿಗೆ ಆ ಭಾಗ್ಯವಿಲ್ಲ. ಮಂಗಳೂರು, ಕಾರವಾರದಲ್ಲಿ ಮಳೆಗಾಲದ ರೀಡಿಂಗನ್ನು ಕಲಬುರಗಿಯ ಬೇಸಿಗೆಯ ರೀಡಿಂಗಿನ ಪಕ್ಕದಲ್ಲಿಟ್ಟು ಹೋಲಿಸಿದರೆ ಪ್ರಯೋಜನವಿಲ್ಲ. ಮಂಜು ಮುಸುಕಿದ ಬೆಳಿಗ್ಗೆ ಮಡಿಕೇರಿಯಲ್ಲಿ 150 ತೋರಿಸಿದರೆ ಗಾಬರಿಯಾಗಬೇಡಿ. ಅದರಲ್ಲಿ ಬಹುಪಾಲು ನೀರೇ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಬರುವ ಆವಿಗೂ ಇದು ಬೆಚ್ಚಿಬೀಳುತ್ತದೆ.

ಎರಡನೆಯದು ದಪ್ಪ ಧೂಳು. ಸಂಡೂರಿನ ದಾರಿಯಲ್ಲಿ ಅದಿರು ಲಾರಿ ಹೋದಾಗ ಕಣ್ಣೇ ಕಾಣದಷ್ಟು ಕೆಂಧೂಳು ಎದ್ದಿರುತ್ತದೆ, ಮೀಟರು ಮಾತ್ರ ನೆಮ್ಮದಿಯಾಗಿರುತ್ತದೆ. ಪುಟ್ಟ ಫ್ಯಾನಿನ ಸೆಳೆತಕ್ಕೆ ಆ ದಪ್ಪ ಕಣಗಳು ಸರಿಯಾಗಿ ಒಳಗೆ ಬರುವುದಿಲ್ಲ. ಪರದೆಯ ಮೇಲೆ ಪಿಎಂ 10 ಎಂದು ಅಂಕಿ ಬಂದರೂ ಅದು ಬಹುಮಟ್ಟಿಗೆ ಸಣ್ಣ ಕಣಗಳ ಎಣಿಕೆಯಿಂದ ಕಟ್ಟಿದ ಅಂದಾಜು. ರಸ್ತೆ ಕಾಮಗಾರಿ, ಕಲ್ಲು ಕ್ವಾರಿ, ಮೆಟ್ರೊ ಕೆಲಸದ ಪಕ್ಕ ಇರುವವರು ಈ ಮೀಟರಿನ ಪಿಎಂ 10 ಅಂಕಿಯನ್ನು ನೆಚ್ಚಿಕೊಳ್ಳಬಾರದು.

ಮೂರನೆಯದು ಇದಕ್ಕೆ ತದ್ವಿರುದ್ಧ: ತೀರ ಸಣ್ಣ ಕಣ. 0.3 ಮೈಕ್ರೊಮೀಟರಿಗಿಂತ ಕಿರಿದಾದದ್ದು ಈ ಲೇಸರಿಗೆ ಸಿಗುವುದಿಲ್ಲ. ವಾಹನದಿಂದ ಆಗಷ್ಟೇ ಹೊರಬಿದ್ದ ಹೊಗೆಯಲ್ಲಿ ಎಣಿಕೆಗೆ ಹೆಚ್ಚಿರುವುದು ಅಂಥ ಕಣಗಳೇ. ದೆಹಲಿಯ ಆಟೊರಿಕ್ಷಾಗಳ ಒಳಗೆ ದುಬಾರಿ ಉಪಕರಣ ಇಟ್ಟು ಸುಮಾರು 180 ಗಂಟೆ ಅಳೆದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಅದೇ ಹೊತ್ತಿನ ಊರಿನ ಗಾಳಿಗೆ ಹೋಲಿಸಿದರೆ ಆಟೊದೊಳಗೆ ಪಿಎಂ 2.5 ಒಂದೂವರೆ ಪಟ್ಟು ಇತ್ತು. ಮಸಿ 3.6 ಪಟ್ಟು. ಅತಿಸೂಕ್ಷ್ಮ ಕಣಗಳ ಎಣಿಕೆ 8.4 ಪಟ್ಟು. ನಿಮ್ಮ ಕೈಯಲ್ಲಿರುವ ಮೀಟರು ಕಾಣಿಸುವುದು ಆ ಒಂದೂವರೆ ಪಟ್ಟನ್ನು ಮಾತ್ರ. ಆದ್ದರಿಂದ ಮುಖ್ಯರಸ್ತೆಗೂ ಒಳರಸ್ತೆಗೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲವೆಂದು ಯಾರಾದರೂ ಮೀಟರು ತೋರಿಸಿದರೆ, ಒಳರಸ್ತೆಯಲ್ಲೇ ಹೋಗಿ ಎಂದು ನಾನು ಹೇಳುತ್ತೇನೆ. ಕಾಣದ ವ್ಯತ್ಯಾಸ ಕಂಡದ್ದಕ್ಕಿಂತ ದೊಡ್ಡದು.

ಇನ್ನು ಅನಿಲಗಳು. ಗ್ಯಾಸ್ ಒಲೆಯಿಂದಲೂ ಟ್ರಾಫಿಕ್ಕಿನಿಂದಲೂ ಬರುವ ನೈಟ್ರೊಜನ್ ಡೈಆಕ್ಸೈಡ್ ಕಣ ಅಳೆಯುವ ಮೀಟರಿಗೆ ಸಿಗದು. ಅಗ್ಗದ ಡಬ್ಬಿಗಳಲ್ಲಿ ಫಾರ್ಮಾಲ್ಡಿಹೈಡ್, ವಿಒಸಿ ಎಂದೆಲ್ಲ ಸಾಲು ಸಾಲು ಅಂಕಿ ಬರುತ್ತವೆ. ಸೆಂಟು, ಸ್ಯಾನಿಟೈಸರ್, ಸಿಪ್ಪೆ ಸುಲಿದ ಕಿತ್ತಳೆ ಯಾವುದಕ್ಕೂ ಅವು ಕುಣಿಯುತ್ತವೆ. ಅಲಂಕಾರಕ್ಕಿವೆ ಎಂದುಕೊಳ್ಳಿ. ಆದರೆ ಒಂದು ಎಚ್ಚರಿಕೆ ಅಲಂಕಾರದ ಮಾತಲ್ಲ. ಕಿಟಕಿ ಮುಚ್ಚಿದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಉರಿದರೆ ಬಣ್ಣ, ವಾಸನೆ ಇಲ್ಲದ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಂಡು ಪ್ರಾಣ ಹೋಗುತ್ತದೆ. ಆಗಲೂ ಪಿಎಂ ಮೀಟರು ಹಸಿರು ದೀಪವನ್ನೇ ತೋರಿಸುತ್ತಿರುತ್ತದೆ. ಅದಕ್ಕೆ ಬೇಕಾದ ಅಲಾರಂ ಬೇರೆ, ಅದಕ್ಕಿಂತ ಮೊದಲು ಬೇಕಾದ್ದು ಗೀಸರನ್ನು ಬಚ್ಚಲಿನಿಂದ ಹೊರಗಿಡುವುದು.

ತಂದ ಮೇಲೆ ಮೊದಲ ವಾರ

ಹೊಸ ಮೀಟರನ್ನು ಮೊದಲು ಪರೀಕ್ಷಿಸಿ. ಏರ್ ಪ್ಯೂರಿಫೈಯರ್ ಇರುವವರ ಮನೆಗೆ ಹೋಗಿ, ಶುದ್ಧ ಗಾಳಿ ಹೊರಬರುವ ಬಾಯಿಗೆ ಹಿಡಿದರೆ ಪಿಎಂ 2.5 ಸೊನ್ನೆಯ ಹತ್ತಿರಕ್ಕೆ ಇಳಿಯಬೇಕು. ಹತ್ತರಲ್ಲೋ ಹದಿನೈದರಲ್ಲೋ ನಿಂತುಬಿಟ್ಟರೆ ಕೊಂಡ ಅಂಗಡಿಗೆ ಮರಳಿಸಿ. ಆಮೇಲೆ ಕೋಣೆಯ ಒಂದು ತುದಿಯಲ್ಲಿ ಊದುಬತ್ತಿ ಹಚ್ಚಿ ಇನ್ನೊಂದು ತುದಿಯಲ್ಲಿ ಮೀಟರಿಡಿ. ಕೆಲವು ನಿಮಿಷಗಳಲ್ಲಿ ಏರಬೇಕು, ಕಿಟಕಿ ತೆರೆದರೆ ಇಳಿಯಬೇಕು. ಏರುವುದಕ್ಕೂ ಇಳಿಯುವುದಕ್ಕೂ ಬಹಳ ಸತಾಯಿಸುವ ಮೀಟರು ದಾರಿಯಲ್ಲಿ ಹೊತ್ತೊಯ್ಯಲು ತಕ್ಕದ್ದಲ್ಲ. ನೀವು ಸಿಗ್ನಲ್ ದಾಟಿದ ಮೇಲೆ ಸಿಗ್ನಲ್ಲಿನ ಹೊಗೆ ತೋರಿಸುತ್ತದೆ.

ಮುಖ್ಯವಾದ ಪರೀಕ್ಷೆ ಮೂರನೆಯದು. ಹತ್ತಿರದ ಸರ್ಕಾರಿ ಮಾಪನ ಕೇಂದ್ರದ ಪಕ್ಕ, ರಸ್ತೆಯಂಚಿನಿಂದ ಸ್ವಲ್ಪ ಒಳಗೆ, ಎರಡು ಮೂರು ಗಂಟೆ ಮೀಟರು ಚಾಲೂ ಇಟ್ಟು ಕೂರಿ. ಪುಸ್ತಕ ಒಯ್ದರೆ ಹೊತ್ತು ಹೋಗುತ್ತದೆ. ಆಮೇಲೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಜಾಲತಾಣದಲ್ಲಿ ಅದೇ ಗಂಟೆಗಳ ಅಂಕಿ ತೆಗೆದು ಪಕ್ಕಪಕ್ಕ ಬರೆಯಿರಿ. ನಿಮ್ಮದು 60 ತೋರಿಸಿದಾಗ ಕೇಂದ್ರ 35 ತೋರಿಸಿದ್ದರೆ, ಇನ್ನೊಂದು ದಿನವೂ ಹೆಚ್ಚುಕಡಿಮೆ ಅದೇ ಪ್ರಮಾಣ ಬಂದರೆ, ನಿಮ್ಮ ಮೀಟರಿನ ಉತ್ಪ್ರೇಕ್ಷೆ ಎಷ್ಟೆಂದು ಗೊತ್ತಾಯಿತು. ಇದು ವಿಚಿತ್ರವೇನಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಅಲ್ಲಿ ಜನಪ್ರಿಯವಾದ ಪರ್ಪಲ್‌ಏರ್ ಸೆನ್ಸರುಗಳಿಗೆ ಮಾಡಿಕೊಂಡಿರುವ ತಿದ್ದುಪಡಿ ಸೂತ್ರದ ಮೊದಲ ಕೆಲಸವೇ ಕಚ್ಚಾ ಅಂಕಿಯನ್ನು 0.524ರಿಂದ ಗುಣಿಸುವುದು, ಅಂದರೆ ಸುಮಾರು ಅರ್ಧ ಮಾಡುವುದು. ಆಮೇಲೆ ಆರ್ದ್ರತೆಯ ಲೆಕ್ಕ ಸೇರಿಸುತ್ತಾರೆ. ಹಾಗೆಂದು ಆ ಸೂತ್ರವನ್ನೇ ತಂದು ದಾವಣಗೆರೆಗೆ ಹಚ್ಚಬೇಡಿ. ಅಲ್ಲಿನ ಹೊಗೆ ಬೇರೆ, ಇಲ್ಲಿನದು ಬೇರೆ.

ಸುತ್ತಮುತ್ತ ಕೇಂದ್ರವೇ ಇಲ್ಲದ ಊರಿನವರು ಎರಡು ಮೀಟರುಗಳನ್ನು ಒಂದು ದಿನ ಪಕ್ಕಪಕ್ಕ ಇಟ್ಟು ನೋಡಿ. ಎರಡೂ ಒಟ್ಟಿಗೆ ಏರಿ ಒಟ್ಟಿಗೆ ಇಳಿದರೆ ಹೋಲಿಕೆಯ ಕೆಲಸಕ್ಕೆ ಸಾಕು.

ಧರಿಸುವ ವಿಷಯ. ಜೇಬಿನ ಮೀಟರು ಎಂದು ಜಾಹೀರಾತು ಹೇಳಿದರೂ ಅದನ್ನು ಜೇಬಿನಲ್ಲಿ ಇಡಬಾರದು. ಬಟ್ಟೆಯ ನೂಲು, ಬೆವರಿನ ಆವಿ, ಮುಚ್ಚಿದ ಗಾಳಿ ಎಲ್ಲ ಸೇರಿ ಲೆಕ್ಕ ಕೆಡಿಸುತ್ತವೆ. ಎದೆಯ ಮಟ್ಟದಲ್ಲಿ, ಬ್ಯಾಗಿನ ಪಟ್ಟಿಗೆ ಕ್ಲಿಪ್ ಹಾಕಿ, ಗಾಳಿ ಒಳಬರುವ ತೂತು ಹೊರಗೆ ಕಾಣುವಂತಿರಲಿ. ದ್ವಿಚಕ್ರ ವಾಹನದಲ್ಲಿ ಎದುರುಗಾಳಿ ನೇರ ಆ ತೂತಿಗೆ ಬಡಿದರೆ ಒಳಗಿನ ಫ್ಯಾನಿನ ಲೆಕ್ಕ ತಪ್ಪುತ್ತದೆ, ಬಾಯಿಯನ್ನು ಪಕ್ಕಕ್ಕೆ ತಿರುಗಿಸಿ. ಬಿಸಿಲಿಗೆ ಕಾದ ಡ್ಯಾಶ್‌ಬೋರ್ಡಿನ ಮೇಲೆ ಬೇಡ. ಮಳೆಯಲ್ಲಿ ಬೇಡವೇ ಬೇಡ.

ನಿಮಿಷಕ್ಕೊಂದು ಅಂಕಿ ದಾಖಲಾಗುವಂತೆ ಹೊಂದಿಸಿ. ಜೊತೆಗೆ ಒಂದು ಪುಟ್ಟ ನೋಟ್‌ಬುಕ್: 7.10 ದೋಸೆ, 8.40 ಮನೆ ಬಿಟ್ಟೆ, 9.05 ಕಸದ ಹೊಗೆ. ಇದನ್ನು ಸೋಮಾರಿತನದಿಂದ ಬಿಡುವವರೇ ಹೆಚ್ಚು. ವಾರ ಕಳೆದ ಮೇಲೆ ಗ್ರಾಫಿನಲ್ಲಿ ಕಾಣುವ ಕೋಡು ಯಾವುದರದ್ದೆಂದು ನೆನಪಿರುವುದಿಲ್ಲ. ಬರವಣಿಗೆಯಿಲ್ಲದ ಗ್ರಾಫು ಬರೀ ಗೆರೆ. ಮೊಬೈಲಿನ ಜಿಪಿಎಸ್ ದಾರಿಯನ್ನೂ ದಾಖಲಿಸುತ್ತದೆ, ಅನುಕೂಲವೇ. ಆದರೆ ಆ ನಕ್ಷೆಯನ್ನು ನಾಲ್ಕು ಜನಕ್ಕೆ ಹಂಚುವ ಮೊದಲು ಮನೆ, ಮಕ್ಕಳ ಶಾಲೆ ಕಾಣುವ ತುದಿಗಳನ್ನು ಕತ್ತರಿಸಿ.

ಪಾಲಿನ ಲೆಕ್ಕ

ದಿನದ ಪಾಲು ತಿಳಿಯಲು ಶಾಲೆಯ ಗಣಿತ ಸಾಕು. ಪ್ರತಿ ಜಾಗದ ಅಂಕಿಯನ್ನು ಅಲ್ಲಿ ಕಳೆದ ಗಂಟೆಗಳಿಂದ ಗುಣಿಸಿ, ಎಲ್ಲವನ್ನೂ ಕೂಡಿ, 24ರಿಂದ ಭಾಗಿಸಿ. ಊಹೆಯ ಒಂದು ದಿನ ತೆಗೆದುಕೊಳ್ಳೋಣ. ಮನೆಯೊಳಗೆ ನಿದ್ದೆಯೂ ಸೇರಿ 10 ಗಂಟೆ, ಅಂಕಿ 25. ಅಡುಗೆಮನೆ 2 ಗಂಟೆ, 90. ಸ್ಕೂಟರಿನಲ್ಲಿ ಹೋಗಿಬರುವುದು 2 ಗಂಟೆ, 110. ಕಚೇರಿ 9 ಗಂಟೆ, 15. ಸಂಜೆ ಬೀದಿಯಲ್ಲಿ ಒಂದು ಗಂಟೆ, 60. ಗುಣಿಸಿ ಕೂಡಿದರೆ 845. ಭಾಗಿಸಿದರೆ ಸುಮಾರು 35. ಅಡುಗೆಮನೆ ಮತ್ತು ರಸ್ತೆ ಸೇರಿ ದಿನದ ಆರನೇ ಒಂದು ಭಾಗ ಹೊತ್ತು ಮಾತ್ರ. ಪಾಲಿನಲ್ಲಿ ಅವೆರಡರದ್ದು ಹತ್ತಿರ ಹತ್ತಿರ ಅರ್ಧ.

ಈಗ ಇದೇ ದಿನಕ್ಕೆ ರಾತ್ರಿ ಕಿಟಕಿ ಮುಚ್ಚಿ ಸೊಳ್ಳೆಬತ್ತಿ ಹಚ್ಚಿ. ನಿದ್ದೆಯ 8 ಗಂಟೆ ಕೋಣೆಯಲ್ಲಿ 150 ಎಂದಿಟ್ಟುಕೊಂಡರೆ ದಿನದ ಸರಾಸರಿ 77ಕ್ಕೆ ಏರುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್ನನ್ನು ಬೈಯುತ್ತ ಬಂದವರ ಪಾಲಿನ ದೊಡ್ಡ ತುಂಡು ಮಂಚದ ಪಕ್ಕದಲ್ಲೇ ಸಿಕ್ಕಿತು. ಒಂದು ಸೊಳ್ಳೆಬತ್ತಿ ಪೂರ್ತಿ ಉರಿದರೆ ಹೊರಬೀಳುವ ಪಿಎಂ 2.5 ತೂಕದಲ್ಲಿ 75ರಿಂದ 137 ಸಿಗರೇಟಿಗೆ ಸಮ ಎಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿತ್ತು. ಸೊಳ್ಳೆಪರದೆ ಕಟ್ಟುವುದು ಬೇಸರದ ಕೆಲಸ, ನಿಜ. ಆದರೆ ಮೀಟರು ಕೊಂಡವರಿಗೆ ಸಿಗುವ ಅತಿ ಅಗ್ಗದ ಲಾಭ ಅದೇ. ದೇವರ ಮನೆಯ ಧೂಪ, ಊದುಬತ್ತಿಯ ಮಾತು ನಾನು ಎತ್ತುವುದಿಲ್ಲ. ಅಜ್ಜಿ ಇರುವ ಮನೆಗಳಲ್ಲಿ ಮೀಟರು ಗೆಲ್ಲುವುದಿಲ್ಲ. ಪೂಜೆಯ ಹೊತ್ತಿಗೆ ಕಿಟಕಿ ತೆರೆದಿಟ್ಟರೆ ಯಾರ ಮನಸ್ಸೂ ನೋಯದು.

ಉಸಿರಿನ ವೇಗವೂ ಲೆಕ್ಕಕ್ಕೆ ಬರುತ್ತದೆ. ಸುಮ್ಮನೆ ಕೂತಾಗ ನಿಮಿಷಕ್ಕೆ 6ರಿಂದ 8 ಲೀಟರ್ ಗಾಳಿ ಒಳಗೆ ಹೋಗುತ್ತದೆ. ಸೈಕಲ್ ತುಳಿಯುವಾಗ, ಓಡುವಾಗ ಅದು 40 ಲೀಟರ್ ದಾಟುತ್ತದೆ. ಕಾರಿನಲ್ಲಿ ಕೂತವರಿಗೂ ಪಕ್ಕದಲ್ಲೇ ಓಡುತ್ತಿರುವವರಿಗೂ ಮೀಟರಿನಲ್ಲಿ ಒಂದೇ ಅಂಕಿ ಬಂದರೂ ಎದೆಗೆ ಇಳಿಯುವುದು ಒಂದೇ ಅಲ್ಲ. ಓಟ, ಸೈಕಲ್ಲಿನ ಅಭ್ಯಾಸ ಇರುವವರು ಮೀಟರು ಹಿಡಿದು ಹುಡುಕಬೇಕಾದ್ದು ದಾರಿಯನ್ನಷ್ಟೇ ಅಲ್ಲ, ಹೊತ್ತನ್ನೂ. ಚಳಿಗಾಲದ ಬೆಳಗಿನ ಜಾವ ನೆಲದ ಹತ್ತಿರದ ತಣ್ಣನೆಯ ಗಾಳಿ ಮೇಲೇರದೆ ಕೂತಿರುತ್ತದೆ, ಹೊಗೆಯೂ ಅದರೊಳಗೇ ಉಳಿಯುತ್ತದೆ. ಬಿಸಿಲೇರಿದ ಮೇಲೆ ಚದುರುತ್ತದೆ. ಜನವರಿಯಲ್ಲಿ ಐದೂವರೆಗೇ ಎದ್ದು ಲಾಲ್‌ಬಾಗಿಗೆ ಓಡುವವರು ಅಲ್ಲೇ ಎಂಟೂವರೆಯ ಅಂಕಿಯನ್ನೂ ಒಮ್ಮೆ ನೋಡಲಿ.

ಬಂದ ಅಂಕಿಯನ್ನು ಯಾವುದಕ್ಕೆ ಹೋಲಿಸಬೇಕು? ಭಾರತದ ಮಾನದಂಡದಂತೆ ಪಿಎಂ 2.5 ದಿನದ ಸರಾಸರಿ 60, ವರ್ಷದ ಸರಾಸರಿ 40 ದಾಟಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ತನ್ನ ಮಿತಿಗಳನ್ನು 15 ಮತ್ತು 5ಕ್ಕೆ ಇಳಿಸಿತು. ಗಮನಿಸಿ, ಇವು ದಿನದ, ವರ್ಷದ ಸರಾಸರಿ. ಬಾಣಲೆಗೆ ಸಾಸಿವೆ ಹಾಕಿದ ಕ್ಷಣದ 300ನ್ನು 60ಕ್ಕೆ ಹೋಲಿಸುವುದು ನ್ಯಾಯವಲ್ಲ.

ಎಕ್ಯೂಐ ಎಂಬ ಸೂಚ್ಯಂಕ ಗೊಂದಲವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಪಿಎಂ 2.5ರ 55 ಮೈಕ್ರೊಗ್ರಾಂ ಭಾರತದ ಸೂಚ್ಯಂಕದಲ್ಲಿ ಸುಮಾರು 92 ಆಗುತ್ತದೆ, ‘ತೃಪ್ತಿಕರ’ ಎಂದು ಹಸಿರು ಬಣ್ಣದಲ್ಲಿ ಬರುತ್ತದೆ. ಅಮೆರಿಕದ ಸೂಚ್ಯಂಕದಲ್ಲಿ ಅದೇ ಗಾಳಿಗೆ 149, ಕಿತ್ತಳೆ ಬಣ್ಣ, ಮಕ್ಕಳು ಮುದುಕರು ಎಚ್ಚರ ಎಂಬ ಸೂಚನೆ. ವಿದೇಶಿ ಮೀಟರುಗಳೂ ಹಲವು ಆ್ಯಪುಗಳೂ ಅಮೆರಿಕದ್ದನ್ನೇ ತೋರಿಸುತ್ತವೆ. ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಗಾಳಿಯ ಬಗ್ಗೆ ನಡೆಯುವ ಅರ್ಧ ಜಗಳ ಇದರಿಂದಲೇ. ಸೆಟ್ಟಿಂಗಿಗೆ ಹೋಗಿ ಎಕ್ಯೂಐ ಬಿಟ್ಟು ಮೈಕ್ರೊಗ್ರಾಂ ಆರಿಸಿಕೊಳ್ಳಿ. ಎಲ್ಲರೂ ಒಂದೇ ಅಳತೆಗೋಲಿನಲ್ಲಿ ಮಾತಾಡಬಹುದು.

ಹೋಲಿಸುವುದು ಹೇಗೆ

ಮೀಟರಿಗೆ ಕೇಳಬೇಕಾದ ಪ್ರಶ್ನೆ ‘ನಮ್ಮ ಗಾಳಿ ಹೇಗಿದೆ’ ಎಂಬುದಲ್ಲ. ‘ಚಿಮಣಿ ಹಾಕಿದಾಗ ಮತ್ತು ಹಾಕದಾಗ’, ‘ಬಸ್ಸಿನಲ್ಲಿ ಮತ್ತು ಮೆಟ್ರೊದಲ್ಲಿ’, ‘ರಸ್ತೆ ಬದಿಯ ಕೋಣೆಯಲ್ಲಿ ಮತ್ತು ಹಿಂದಿನ ಕೋಣೆಯಲ್ಲಿ’ ಎಂದು ಜೋಡಿಯಾಗಿ ಕೇಳಿ. ಅಡುಗೆಮನೆಯದು ಸುಲಭ: ಒಂದೇ ಅಡುಗೆ, ಒಂದೇ ಹೊತ್ತು, ಒಮ್ಮೆ ಎಕ್ಸಾಸ್ಟ್ ಫ್ಯಾನ್ ಹಾಕಿ, ಒಮ್ಮೆ ಹಾಕದೆ. ಒಲೆಯಿಂದ ಮೂರು ನಾಲ್ಕು ಅಡಿ ದೂರ, ಆವಿ ನೇರ ಬಡಿಯದ ಕಡೆ ಮೀಟರಿಡಿ. ಗ್ಯಾಸಿನ ಜ್ವಾಲೆಯಿಂದ ಕಣ ಬರುವುದು ಕಡಿಮೆ. ಕಾದ ಎಣ್ಣೆ, ಸೀದ ಮೆಣಸಿನಕಾಯಿ, ಹೆಂಚಿಗೆ ಅಂಟಿದ ಹಿಟ್ಟು ಇವೇ ಮುಖ್ಯ ಅಪರಾಧಿಗಳು. ಅಡುಗೆ ಮುಗಿದ ಕೂಡಲೇ ಫ್ಯಾನ್ ಆರಿಸುವುದು ನಮ್ಮೆಲ್ಲರ ರೂಢಿ. ಆಮೇಲೆ ಅಂಕಿ ಎಷ್ಟು ಹೊತ್ತು ಮೇಲೆಯೇ ನಿಲ್ಲುತ್ತದೆಂದು ಒಮ್ಮೆ ನೋಡಿದರೆ ಆ ರೂಢಿ ತಾನಾಗಿ ಬಿಡುತ್ತದೆ.

ದಾರಿಗಳ ಹೋಲಿಕೆ ಕಷ್ಟದ್ದು. ಸೋಮವಾರ ಮುಖ್ಯರಸ್ತೆ, ಮಂಗಳವಾರ ಒಳರಸ್ತೆ ಹಿಡಿದು ಒಳರಸ್ತೆಯೇ ಕೆಟ್ಟದ್ದು ಎಂದು ತೀರ್ಮಾನಿಸಿದರೆ, ಮಂಗಳವಾರ ಗಾಳಿಯೇ ಬೀಸದೆ ಇಡೀ ಊರಿನ ಮಟ್ಟ ಏರಿದ್ದಿರಬಹುದು. ಅದಕ್ಕೆ ಪರಿಹಾರವಿದೆ. ನೀವು ಹೊರಟ ಗಂಟೆಯ ಕೇಂದ್ರದ ಅಂಕಿಯನ್ನೂ ಬರೆದುಕೊಂಡು, ತಿದ್ದಿದ ನಿಮ್ಮ ಅಂಕಿಯಿಂದ ಅದನ್ನು ಕಳೆಯಿರಿ. ಉಳಿದದ್ದು ರಸ್ತೆ ಕೂಡಿಸಿದ್ದು. ಎರಡೂ ದಾರಿಯಲ್ಲಿ ಐದೈದು ಸಲವಾದರೂ, ಒಂದೇ ಹೊತ್ತಿಗೆ, ಮಳೆಯಿಲ್ಲದ ದಿನ ಅಳೆದ ಮೇಲೆ ಮಾತಾಡಿ. ಕಾರಿನಲ್ಲಿ ಗಾಜು ಏರಿಸಿ ಒಳಗಿನ ಗಾಳಿಯನ್ನೇ ತಿರುಗಿಸುವ ಗುಂಡಿ ಒತ್ತಿದರೆ ಪಿಎಂ ಚೆನ್ನಾಗಿ ಇಳಿಯುತ್ತದೆ. ಆದರೆ ನಾಲ್ಕು ಜನರ ಉಸಿರಿನ ಇಂಗಾಲದ ಡೈಆಕ್ಸೈಡ್ ಏರಿ ತೂಕಡಿಕೆ ಬರುತ್ತದೆ, ಆಗಾಗ ಹೊರಗಾಳಿ ಬಿಡಿ. ಎನ್95 ಮಾಸ್ಕ್ ಹಾಕಿದವರು ನೆನಪಿಡಬೇಕಾದ್ದು: ಮೀಟರು ಹೇಳುವುದು ಮಾಸ್ಕಿನ ಹೊರಗಿನ ಕಥೆ.

ಮಲೆನಾಡಿನ ಓದುಗರಿಗೆ ಒಂದು ಮಾತು. ಅಡಿಕೆ ಬೇಯಿಸುವ ಒಲೆಯ ಮುಂದೆ, ಹಂಡೆಗೆ ಸೌದೆ ಒಡ್ಡುವ ಬಚ್ಚಲೊಲೆಯ ಮುಂದೆ ಮೀಟರು ಹಿಡಿದರೆ 999 ಅಥವಾ 1000ಕ್ಕೆ ಹೋಗಿ ನಿಲ್ಲಬಹುದು. ಅದು ಅಳತೆಯಲ್ಲ, ಕೈಚೆಲ್ಲಿದ್ದೇವೆಂಬ ಸೂಚನೆ. ಈ ಸೆನ್ಸರುಗಳ ವ್ಯಾಪ್ತಿಯೇ ಅಷ್ಟು, ಅದರಲ್ಲೂ 500ರ ಮೇಲೆ ಪ್ಲಾಂಟವರ್ ಜಾತಿಯವುಗಳ ಲೆಕ್ಕ ಅಷ್ಟಕ್ಕಷ್ಟೆ. ಅಂಥ ಹೊಗೆಯಲ್ಲಿ ಹೆಚ್ಚು ಹೊತ್ತು ಇಟ್ಟರೆ ಮಸಿ ಒಳಗೆ ಕೂತು ಆಮೇಲೆ ಎಲ್ಲ ಕಡೆಯೂ ಸುಳ್ಳು ಹೇಳುತ್ತದೆ. ಒಲೆಯ ಬಾಯಿ ಬಿಟ್ಟು, ಆಳುಗಳು ಕೂತು ಕೆಲಸ ಮಾಡುವ ಜಾಗದಲ್ಲಿ ಕೆಲವು ನಿಮಿಷ ಅಳೆಯಿರಿ. ಗಾಳಿಯ ದಿಕ್ಕಿಗೆ ತಕ್ಕಂತೆ ಕೂರುವ ಜಾಗ ಬದಲಿಸಿದರೆ ಎಷ್ಟು ಇಳಿಯುತ್ತದೆಂದು ನೋಡುವುದೇ ಅಲ್ಲಿ ಉಪಯೋಗದ ಪರೀಕ್ಷೆ.

ಇಷ್ಟೆಲ್ಲ ಮಾಡಲು ಮೂರು ನಾಲ್ಕು ವಾರ ಸಾಕು. ಚಳಿಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ. ಆಮೇಲೂ ಕ್ಷಣಕ್ಕೊಮ್ಮೆ ಪರದೆ ನೋಡುವವರಿಗೆ ಗಾಳಿಗಿಂತ ಮೀಟರಿನಿಂದಲೇ ತೊಂದರೆ ಹೆಚ್ಚು. ಆದ್ದರಿಂದ ಐದಾರು ಮನೆಯವರು ಸೇರಿ ಒಂದು ಒಳ್ಳೆಯ ಮೀಟರು ಕೊಂಡು ಸರದಿಯಲ್ಲಿ ಬಳಸುವುದು ಜಾಣತನ. ತಲಾ ಒಂದೊಂದು ಅಗ್ಗದ್ದಕ್ಕಿಂತ ಇದು ವಾಸಿ. ವರ್ಷಕ್ಕೊಮ್ಮೆ ಕೇಂದ್ರದ ಪಕ್ಕ ಕೂರಿಸುವ ಪರೀಕ್ಷೆ ಮತ್ತೆ ಮಾಡಿ, ಸೆನ್ಸರಿಗೂ ವಯಸ್ಸಾಗುತ್ತದೆ.

ದೂರು ಕೊಡುವುದಾದರೆ

ಪಕ್ಕದ ಕಟ್ಟಡದ ಜನರೇಟರು, ಖಾಲಿ ಸೈಟಿನ ಕಸದ ಬೆಂಕಿ ನಿಮ್ಮ ಗ್ರಾಫಿನಲ್ಲಿ ದಿನವೂ ಕೋಡಾಗಿ ಕಾಣುತ್ತಿದ್ದರೆ ಅದನ್ನು ಹಿಡಿದು ದೂರು ಕೊಡಬಹುದೇ? ಅಂಗೈ ಮೀಟರಿನ ಅಂಕಿಗೆ ಕಾನೂನಿನ ಮುಂದೆ ಪುರಾವೆಯ ತೂಕ ಸಿಗುವುದು ಕಷ್ಟ. ಹಾಗೆಂದು ಅದು ವ್ಯರ್ಥವೂ ಅಲ್ಲ, ಅಧಿಕಾರಿಗಳು ಯಾವ ಹೊತ್ತಿಗೆ ಬಂದು ನೋಡಬೇಕೆಂದು ಅದು ಹೇಳುತ್ತದೆ. ಬಯಲಲ್ಲಿ ಕಸ ಸುಡುವುದನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲಿ ನಿಷೇಧಿಸಿ, ಸಾಮಾನ್ಯ ಪ್ರಮಾಣಕ್ಕೆ 5,000 ರೂಪಾಯಿ, ದೊಡ್ಡ ಪ್ರಮಾಣಕ್ಕೆ 25,000 ರೂಪಾಯಿ ದಂಡ ಗೊತ್ತುಮಾಡಿದೆ. ಇದರ ದೂರು ಹೋಗಬೇಕಾದ್ದು ಪಾಲಿಕೆಗೆ. ಜನರೇಟರಿನ ದೂರು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ.

ಜನರೇಟರಿನ ಮಟ್ಟಿಗೆ ಮೀಟರಿಗಿಂತ ಮೊದಲು ಕಣ್ಣು ಬಳಸಿ. ಡೀಸೆಲ್ ಜನರೇಟರಿನ ಹೊಗೆಕೊಳವೆ ಅದಿರುವ ಕಟ್ಟಡಕ್ಕಿಂತ ಎಷ್ಟು ಮೀಟರ್ ಮೇಲಿರಬೇಕೆಂಬುದಕ್ಕೆ ಸೂತ್ರವಿದೆ: ಅದರ ಕೆವಿಎ ಸಾಮರ್ಥ್ಯದ ವರ್ಗಮೂಲವನ್ನು 0.2ರಿಂದ ಗುಣಿಸಿದಷ್ಟು. 100 ಕೆವಿಎ ಯಂತ್ರವಾದರೆ ಕಟ್ಟಡದ ತುದಿಯಿಂದ ಇನ್ನೂ 2 ಮೀಟರ್ ಮೇಲೆ. ಎಷ್ಟೋ ಕಡೆ ಆ ಕೊಳವೆ ಎರಡನೇ ಮಹಡಿಯ ಕಿಟಕಿಯ ಮಟ್ಟಕ್ಕೇ ಮುಗಿದಿರುತ್ತದೆ. ದೂರಿನ ಮೊದಲ ಸಾಲಿನಲ್ಲಿ ಇದನ್ನು ಬರೆಯಿರಿ, ಫೋಟೊ ಲಗತ್ತಿಸಿ. ಯಂತ್ರ ಓಡಿದ ದಿನಾಂಕ, ಶುರುವಾದ ಮತ್ತು ನಿಂತ ಹೊತ್ತು, ನಿಮ್ಮ ಕಿಟಕಿಯಿಂದ ಕೊಳವೆಗಿರುವ ದೂರ ಅದರ ಕೆಳಗೆ ಬರಲಿ. ಗ್ರಾಫನ್ನು ಕೊನೆಯ ಪುಟದಲ್ಲಿ ಸೇರಿಸಿದರೆ ಸಾಕು.